ನಾಲ್ಕನೇ ತುಂಡನ್ನು ಎಸೆಯುವ ಮೊದಲು ತೆರೆದು ನೋಡಿ

ಮಾನ್ಯ ನಿರ್ದೇಶಕರೇ,

ಬರುವ ಗುರುವಾರ ನಿಮ್ಮ ಸಂಸ್ಥೆಯ ಶೀತಕೊಠಡಿಯಿಂದ 'ಅನುಪಯುಕ್ತ ಕೆಸರು' ವಿಲೇವಾರಿಯಾಗಲಿದೆ ಎಂದು ತಮ್ಮ ಸುತ್ತೋಲೆ ಹೇಳುತ್ತದೆ. ನನ್ನ ಹೆಂಡತಿಯ ಮೇಲೆ ತಾವು ಹೊರಿಸಿರುವ ತಪ್ಪಿನ ಒಂದೇ ಒಂದು ಸಾಕ್ಷಿ ಆ ಕೆಸರಿನಲ್ಲಿದೆ. ಆರೋಪವನ್ನು ಕಡತದಲ್ಲಿ ಭದ್ರವಾಗಿಟ್ಟುಕೊಂಡು ಸಾಕ್ಷಿಯನ್ನು ಲಾರಿಗೆ ತುಂಬುವ ಈ ಕ್ರಮಕ್ಕೆ ಇಂಗ್ಲಿಷಿನಲ್ಲಿ ಏನೋ ಒಂದು ಘನವಾದ ಹೆಸರಿದೆ. ಡಿಗ್ರಿ ಎರಡನೇ ವರ್ಷದಲ್ಲಿ ಓದಿದ್ದೆ, ಮರೆತಿದ್ದೇನೆ. ನ್ಯಾಚುರಲ್ ಜಸ್ಟಿಸ್ ಅಂತೂ ಅಲ್ಲ.

ನಾನು ಟೈಲರ್. ಆ ಎರಡನೇ ವರ್ಷದ ಇಂಗ್ಲಿಷ್ ಪೇಪರನ್ನು ಬಾಕಿ ಉಳಿಸಿಕೊಂಡೇ ಹೊಲಿಗೆ ಯಂತ್ರದ ಮುಂದೆ ಕೂತವನು, ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುತ್ತಾ ಮುದುಕನಾದೆ. ಸಮುದ್ರವಿಜ್ಞಾನದಲ್ಲಿ ಇವನಿಗೇನು ಕೆಲಸ ಎಂದು ತಾವು ಹುಬ್ಬೇರಿಸಬಹುದು. ನಿಮ್ಮ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷ ಕೆಸರು ಜರಡಿ ಹಿಡಿದವಳ ಜೊತೆ ಸಂಸಾರ ಮಾಡಿದ್ದೇನೆ, ಸ್ವಾಮಿ. ಮದುವೆಯಾದ ಹೊಸತರಲ್ಲಿ ನಾನೂ ನಕ್ಕಿದ್ದೆ. "ದಿನಾ ಕೆಸರಲ್ಲಿ ಏನ್ ಹುಡುಕ್ತೀಯಾ, ಯಾರದಾದ್ರೂ ಉಂಗುರ ಬಿದ್ದಿದೆಯಾ?" ಎಂದಿದ್ದೆ. ಅವಳು ನನ್ನನ್ನು ಬಚ್ಚಲಿಗೆ ಎಳೆದೊಯ್ದು, ಬಕೆಟ್ಟಿಗೆ ಎರಡು ಹಿಡಿ ಮಣ್ಣು ಹಾಕಿ ನಲ್ಲಿಯನ್ನು ಸಣ್ಣಗೆ ಬಿಟ್ಟಳು. ಬಕೆಟ್ಟು ತುಂಬಿ ನೀರು ಹೊರಚೆಲ್ಲಿತು, ನುಣ್ಣನೆಯ ಮಣ್ಣು ತಳದಲ್ಲೇ ಉಳಿಯಿತು. ಆಮೇಲೆ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ನುಣ್ಣನೆಯದೆಲ್ಲ ಕೊಚ್ಚಿಹೋಗಿ ತರಿ ಮಾತ್ರ ಉಳಿಯಿತು.

"ಈಗ ನಲ್ಲಿ ನಿಲ್ಲಿಸ್ಬಿಟ್ಟೆ. ತಳ ಮುಟ್ಟಿ ನೋಡಿ ಹೇಳ್ರೀ, ನೀರು ಎಷ್ಟು ಜೋರಾಗಿತ್ತು?" ಎಂದಳು. "ಅಷ್ಟೇ ನಮ್ಮ ಕೆಲಸ. ನಮ್ಮ ನಲ್ಲಿ ನಿಂತು ಸಾವಿರಾರು ವರ್ಷ ಆಗಿರತ್ತೆ, ಅಷ್ಟೇ ವ್ಯತ್ಯಾಸ."

ಕಡಲ ತಳದಲ್ಲಿ ಒಂದು ಕಾಲಕ್ಕೆ ಹರಿದ ಪ್ರವಾಹವನ್ನು ಯಾರೂ ಕಂಡಿಲ್ಲ. ಅದು ಬಿಟ್ಟುಹೋದ ಕಣದ ಗಾತ್ರವೇ ಅದರ ಹೇಳಿಕೆ. ಇಷ್ಟನ್ನು ಬಚ್ಚಲಿನಲ್ಲಿ ಕಲಿತವನಿಗೆ ತಮ್ಮ ಸುತ್ತೋಲೆಯ 'ಅನುಪಯುಕ್ತ' ಎಂಬ ಪದ ಗಂಟಲಿಗೆ ಸಿಕ್ಕಿಕೊಂಡಿದ್ದರೆ ಕ್ಷಮಿಸಬೇಕು.

ಈಗ ತಪ್ಪಿನ ವಿಷಯ. ತಮಗೆ ಗೊತ್ತಿರುವುದೇ, ಈ ಪತ್ರವನ್ನು ಪತ್ರಿಕೆಯಲ್ಲಿ ಓದುವ ಉಳಿದವರಿಗಾಗಿ ಹೇಳುತ್ತೇನೆ. ಹಡಗಿನವರು ಕಡಲ ತಳಕ್ಕೆ ಉದ್ದನೆಯ ಕೊಳವೆ ಇಳಿಸಿ, ಕೆಸರಿನ ಕಂಬವನ್ನೇ ಎತ್ತಿ ತರುತ್ತಾರೆ. ಪ್ರಯೋಗಾಲಯದಲ್ಲಿ ಅದನ್ನು ಮೇಲಿನಿಂದ ಎಣಿಸುತ್ತಾ ಮೀಟರಿಗೊಂದರಂತೆ ತುಂಡು ಮಾಡಿ, ಪ್ರತಿ ತುಂಡಿನ ಮೇಲ್ತುದಿಗೆ ಕೆಂಪು ಮುಚ್ಚಳ, ಕೆಳತುದಿಗೆ ನೀಲಿ ಮುಚ್ಚಳ ಹಾಕುವುದು ನನ್ನ ಹೆಂಡತಿಯ ಕೆಲಸವಾಗಿತ್ತು. ಆಮೇಲೆ ತುಂಡನ್ನು ಉದ್ದಕ್ಕೆ ಸೀಳಿ, ಎರಡೂ ಪಾಲಿನ ತುದಿಗಳಲ್ಲಿ ಅದೇ ಬಣ್ಣದ ಮುಚ್ಚಳ ಉಳಿಸಿಕೊಂಡು, ಒಂದು ಪಾಲನ್ನು ವಿಜ್ಞಾನಿಗಳಿಗೆ ಕೊಡುತ್ತಾರೆ. ಇನ್ನೊಂದು ಪಾಲು ಮೊಹರಾಗಿ ಶೀತಕೊಠಡಿ ಸೇರುತ್ತದೆ. ಅದನ್ನು ಯಾರೂ ಮುಟ್ಟುವಂತಿಲ್ಲ.

ಐದು ವರ್ಷದ ಹಿಂದೆ ಬಂದ ಒಂದು ಕಂಬದ ನಾಲ್ಕನೇ ತುಂಡನ್ನು ನಿಮ್ಮ ವಿಜ್ಞಾನಿಗಳು ತಲೆಕೆಳಗಾಗಿ ಓದಿದರು. ಇಪ್ಪತ್ತು ಸಾವಿರ ವರ್ಷ ಬರಬರುತ್ತಾ ಬಿರುಸಾದ ಪ್ರವಾಹ, ನಿಮ್ಮ ವರದಿಯಲ್ಲಿ ಬರಬರುತ್ತಾ ಸೋತು ಮಲಗಿತು. ಬೇರೆ ಹಡಗಿನವರು ಪಕ್ಕದಲ್ಲೇ ಇನ್ನೊಂದು ಕಂಬ ತೆಗೆದಾಗ ಹುಳುಕು ಹೊರಬಿತ್ತು. ಆಗ ತಾವು ಪ್ರಕಟಿಸಿದ ತಿದ್ದುಪಡಿಯಲ್ಲಿ ಒಂದು ಸಾಲಿದೆ: 'ಸೀಳುವ ಮುನ್ನ ಮುಚ್ಚಳ ಹಾಕುವ ಹಂತದಲ್ಲಿ ತಾಂತ್ರಿಕ ಸಿಬ್ಬಂದಿಯಿಂದಾದ ಲೋಪ.' ಆ ಹೊತ್ತಿಗೆ ಆ ಸಿಬ್ಬಂದಿ ತೀರಿಕೊಂಡು ಎರಡು ವರ್ಷವಾಗಿತ್ತು. ಎಷ್ಟು ಅನುಕೂಲವಾದ ಸಿಬ್ಬಂದಿ! ವಿವರಣೆ ಕೇಳಿದರೆ ಉತ್ತರ ಕೊಡುವುದಿಲ್ಲ, ಕೊಡದಿದ್ದರೆ ಒಪ್ಪಿಕೊಂಡಂತೆ.

ತಪ್ಪು ಎಲ್ಲಾಯಿತೆಂದು ತಿಳಿಯಲು ತನಿಖಾ ಸಮಿತಿ ಬೇಕೇ? ಮುಚ್ಚಳ ಹಾಕುವಾಗಲೇ ತಪ್ಪಿದ್ದರೆ ಎರಡೂ ಪಾಲುಗಳು ತಲೆಕೆಳಗಾಗಿರಬೇಕು. ಕಾದಿಟ್ಟ ಪಾಲು ಸರಿಯಿದ್ದರೆ, ತಪ್ಪು ನಡೆದದ್ದು ಆಮೇಲೆ, ನಿಮ್ಮ ವಿಜ್ಞಾನಿಗಳು ಮಾದರಿ ತೆಗೆಯಲು ಮುಚ್ಚಳ ಬಿಚ್ಚಿ ಮತ್ತೆ ಹಾಕಿದಾಗ. ಗುರುತೂ ಇದೆ. ಮೂರನೇ ಮತ್ತು ನಾಲ್ಕನೇ ತುಂಡುಗಳ ನಡುವಿನ ಕೊಯ್ತ ಒಂದು ಹಳೆಯ ಜ್ವಾಲಾಮುಖಿಯ ಕಪ್ಪು ಬೂದಿಪಟ್ಟಿಯ ಮೇಲೆಯೇ ಬಿದ್ದಿದೆ. ಇದು ನಿಮ್ಮ ತಿದ್ದುಪಡಿಯ ಚಿತ್ರದಲ್ಲೇ ಕಾಣುತ್ತದೆ. ನಾಲ್ಕನೆಯದರಲ್ಲಿ ಆ ಕಪ್ಪು ಬೂದಿ ಮೇಲ್ತುದಿಗೆ, ಅಂದರೆ ಕೆಂಪು ಮುಚ್ಚಳದ ಕಡೆ, ಇರಬೇಕು. ನೋಡಲು ಐದು ನಿಮಿಷ ಸಾಕು.

ಆ ಐದು ನಿಮಿಷ ಬೇಡಲು ಮೊನ್ನೆ ನಿಮ್ಮ ಕಚೇರಿಗೆ ಬಂದಿದ್ದೆ. ನಿಮ್ಮ ಆಪ್ತ ಸಹಾಯಕರು ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ.

"ಅರ್ಜಿ ಕೊಟ್ಟು ಹೋಗಿ ಯಜಮಾನ್ರೇ. ಮುಂದಿನ ತಿಂಗಳು ಮೀಟಿಂಗ್‌ಗೆ ಇಡ್ತೀವಿ."

"ಗುರುವಾರ ಲಾರಿ ಬರತ್ತಲ್ಲಪ್ಪಾ?"

"ಲಾರಿ ಬೇರೆ ಸೆಕ್ಷನ್. ನಮಗೆ ಬರಲ್ಲ."

"ಮುಂದಿನ ತಿಂಗಳು ಮೀಟಿಂಗಲ್ಲಿ ಏನ್ ತೆರೆದು ನೋಡ್ತೀರಾ, ನನ್ನ ಅರ್ಜಿಯನ್ನಾ?"

ಆತ ನಕ್ಕುಬಿಟ್ಟ. ಕೆಟ್ಟವನಲ್ಲ. ಹೊರಗೆ ಬಂದಾಗ ಶೀತಕೊಠಡಿ ನೋಡಿಕೊಳ್ಳುವಾತ ಮೆಲ್ಲಗೆ ಹತ್ತಿರ ಬಂದು, "ಅಕ್ಕ ಹಾಕಿದ ಮೊಹರು ಹಾಗೇ ಇದೆ ಭಾವ. ಯಾರೂ ಮುಟ್ಟಿಲ್ಲ" ಎಂದ. ಇದಕ್ಕಾಗಿ ತಾವು ಆತನ ಮೇಲೆ ಕ್ರಮ ಕೈಗೊಳ್ಳಬಾರದಾಗಿ ವಿನಂತಿ.

ಮನೆಗೆ ಬಂದು ಪತ್ರಿಕೆಗೆ ಬರೆಯುತ್ತೇನೆ ಎಂದೆ. ಮಗಳು ತಟ್ಟೆ ತೊಳೆಯುವುದನ್ನು ನಿಲ್ಲಿಸಿದಳು.

"ಅಪ್ಪಾ, ತೆರೆದಾಗ ಅಮ್ಮಂದೇ ತಪ್ಪು ಅಂತ ಗೊತ್ತಾದ್ರೆ?"

"ಆದ್ರೆ ಆಗಲಿ."

"ಏನ್ ಆಗಲಿ? ಊರಿಗೆಲ್ಲ ಡಂಗುರ ಹೊಡ್ಕೊಂಡು ಅಮ್ಮನ್ನ ನೀನೇ ಸಿಕ್ಕಿಸಿ ಹಾಕ್ತೀಯಾ. ಸುಮ್ನಿದ್ರೆ ಅನುಮಾನ ಆದ್ರೂ ನಮ್ಮ ಕಡೆಗಿರತ್ತೆ. ಬೆನಿಫಿಟ್ ಆಫ್ ಡೌಟ್ ಅಂತ ನೀನೇ ಹೇಳ್ತಿರ್ತೀಯಲ್ಲ?"

ಬೆನಿಫಿಟ್ ಆಫ್ ಡೌಟ್. ನನ್ನ ಹರಕು ಇಂಗ್ಲಿಷಿನಲ್ಲಿ ಉಳಿದ ನಾಲ್ಕು ಮಾತುಗಳಲ್ಲಿ ಅದೂ ಒಂದು. ಮಗಳು ತಿಳಿಯದೆ ಕೇಳಿದ ಪ್ರಶ್ನೆ ಅದಲ್ಲ, ನಿರ್ದೇಶಕರೇ. ನನಗೆ ಗೊತ್ತಿರುವ ಒಂದು ವಿಷಯ ಅವಳಿಗೂ ಗೊತ್ತಿತ್ತು. ನಿಮಗೆ ಗೊತ್ತಿಲ್ಲ. ನಿಮ್ಮ ಕಡತಕ್ಕೆ ಬಲ ಬರಲಿ, ನಾನೇ ಹೇಳಿಬಿಡುತ್ತೇನೆ.

ಆ ಕಂಬ ಬಂದ ವಾರ ನನ್ನ ಹೆಂಡತಿಯ ಬಲಗೈ ನಡುಗಲು ಶುರುವಾಗಿತ್ತು. ಅವಳನ್ನು ಕೊಂಡೊಯ್ದ ಕಾಯಿಲೆಯ ಮೊದಲ ಕುರುಹು ಅದು. ಸಂಜೆ ಬಂದವಳು ಚಪ್ಪಲಿ ಬಿಡಲೂ ಬಾಗಲಾರದೆ ಬಾಗಿಲಲ್ಲೇ ಕೂತಳು.

"ಇವತ್ತು ಕೈ ನನ್ನ ಮಾತು ಕೇಳ್ತಿರಲಿಲ್ಲ ರೀ. ಒಂದೊಂದು ಮುಚ್ಚಳಾನೂ ಎರಡೆರಡು ಸಲ ನೋಡಿದೀನಿ."

"ಆಫೀಸಲ್ಲಿ ಹೇಳಿದ್ಯಾ?"

"ಹೇಳಿದ್ರೆ ನಾಳೆಯಿಂದ್ಲೇ ಟಪಾಲು ವಿಭಾಗಕ್ಕೆ ಹಾಕ್ತಾರೆ. ನೀವು ಸುಮ್ನಿರಿ."

ನಾನು ಸುಮ್ಮನಿದ್ದೆ. ಅವಳು ಹಾಸಿಗೆ ಹಿಡಿಯುವವರೆಗೆ ಐದು ತಿಂಗಳು ಸುಮ್ಮನಿದ್ದೆ. ಎರಡು ಸಲ ನೋಡಿದ್ದೇನೆ ಎಂದವಳ ಮಾತು ನಿಜವೇ ಇರಬೇಕು. ಇಪ್ಪತ್ತಾರು ವರ್ಷದಲ್ಲಿ ಅವಳು ಕಣ್ಣಳತೆಯಲ್ಲಿ ಏನನ್ನೂ ಬಿಟ್ಟವಳಲ್ಲ. ಆದರೆ ಎರಡು ಸಲ ನೋಡಿಯೂ ತಪ್ಪಿರಬಹುದು. ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ವ್ಯತ್ಯಾಸವೆಂದರೆ, ಗೊತ್ತಿಲ್ಲದ್ದನ್ನು ನಾನು ಗೊತ್ತಿಲ್ಲ ಎನ್ನುತ್ತಿದ್ದೇನೆ, ತಾವು ಅಚ್ಚು ಹಾಕಿಸಿದ್ದೀರಿ. ಸಾವಿರಾರು ವರ್ಷದ ಹಿಂದಿನ ನೀರಿಗೂ ತಾವು ಕೊಡುವ, ಸಾಕ್ಷಿ ಹೇಳುವ ಅವಕಾಶವನ್ನು ನಿಮ್ಮಲ್ಲೇ ಸವೆದ ಒಬ್ಬ ಹೆಂಗಸಿಗೆ ಕೊಡಲು ಏನು ಕಷ್ಟ?

ನನ್ನ ಬೇಡಿಕೆ ಇಷ್ಟೇ. ಲಾರಿ ಬರುವ ಮೊದಲು, ಬುಧವಾರ ಹಗಲು ಹೊತ್ತಿನಲ್ಲಿ, ನನ್ನ ಮತ್ತು ಮಗಳ ಎದುರು ಕಾದಿಟ್ಟ ನಾಲ್ಕನೇ ತುಂಡಿನ ಮೊಹರು ಒಡೆಯಿರಿ. ಕಪ್ಪು ಬೂದಿ ನೀಲಿ ಮುಚ್ಚಳದ ಕಡೆಯಿದ್ದರೆ ತಿದ್ದುಪಡಿಯ ಆ ಸಾಲಿನ ಕೆಳಗೆ ನಾನೇ ರುಜು ಹಾಕುತ್ತೇನೆ. ಕೈ ನಡುಗುತ್ತಿದ್ದದ್ದು ಗಂಡನಿಗೆ ಗೊತ್ತಿತ್ತು ಎಂದೂ ಸೇರಿಸಿಕೊಳ್ಳಿ. ಕೆಂಪು ಮುಚ್ಚಳದ ಕಡೆಯಿದ್ದರೆ, ಆರೋಪ ಅಚ್ಚಾದ ಜಾಗದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ ಅದನ್ನು ಹಿಂತೆಗೆದುಕೊಳ್ಳಿ. ಎರಡರಲ್ಲಿ ಯಾವುದನ್ನು ಕಂಡರೂ ತಡೆದುಕೊಳ್ಳುತ್ತೇನೆ. ನೋಡದೆ ಎಸೆದರೆ ತಡೆದುಕೊಳ್ಳಲಾರೆ.

ಇಂತಿ,
ಬುಧವಾರ ಹತ್ತು ಗಂಟೆಗೆ ನಿಮ್ಮ ಗೇಟಿನಲ್ಲಿ ಕಾಯಲಿರುವ,
ಹೇಳಬೇಕಾದಾಗ ಸುಮ್ಮನಿದ್ದ ಒಬ್ಬ ಗಂಡ