ಒಳಗಿನ ಫೋಲ್ಡರಿನಿಂದಲೂ ಪ್ಯಾಚ್ ಹತ್ತಿತು

ಅಕ್ಕಾ,

ಬ್ಯಾಡಗಿಯ ನಮ್ಮ ಕಂಪ್ಯೂಟರ್ ಅಂಗಡಿಯಲ್ಲಿ ನೀನು ಟೇಬಲ್ ಗುದ್ದಿದ ಆ ಮಧ್ಯಾಹ್ನ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮೆಣಸಿನಕಾಯಿ ಸುಗ್ಗಿ. ಕೋಲ್ಡ್ ಸ್ಟೋರೇಜಿಗೆ ನಾವಿಬ್ಬರೂ ಬರೆದುಕೊಟ್ಟಿದ್ದ ಪ್ರೋಗ್ರಾಮು ಚೀಲಗಳ ಲೆಕ್ಕ ತಪ್ಪಿಸುತ್ತಿತ್ತು, ಗೇಟಿನಲ್ಲಿ ಲಾರಿಗಳು ನಿಂತಿದ್ದವು. ನೀನು ತಿದ್ದಿದ ಸಾಲುಗಳನ್ನೆಲ್ಲ ಒಂದು ಪ್ಯಾಚ್ ಫೈಲು ಮಾಡಿ ಕೊಟ್ಟೆ, ನಾನು ಅದನ್ನು ಪ್ರೋಗ್ರಾಮಿಗೆ ಹಚ್ಚಿದೆ. ಪ್ಯಾಚ್ ಹಚ್ಚುವ ಸಾಧನವೂ ಒಂದು ಪ್ರೋಗ್ರಾಮೇ; ಅದು ತಕರಾರಿಲ್ಲದೆ ಕೆಲಸ ಮುಗಿಸಿತು. ನೋಡಿದರೆ ಒಂದು ಸಾಲೂ ಬದಲಾಗಿಲ್ಲ! ನಾನು ಒಳಗಿನ ಫೋಲ್ಡರಿನಲ್ಲಿದ್ದೆ. ಆ ಸಾಧನಕ್ಕೋ, ಎಲ್ಲಕ್ಕಿಂತ ಮೇಲಿನ ಫೋಲ್ಡರಿಗೆ ಹೋಗಿ ಅಲ್ಲಿಂದಲೇ ಆಜ್ಞೆ ಕೊಡಬೇಕಿತ್ತು.

“ಆಗಂಗಿಲ್ಲಂತ ಬಾಯಿಬಿಟ್ಟು ಹೇಳಾಕ ಏನಾಗೈತಿ ಇದಕ್ಕ? ನಾವು ಎಲ್ಲಿ ನಿಂತೇವಿ ಅನ್ನೂದನ್ನ ಇದ ತಿಳ್ಕೋಬೇಕು” ಎಂದು ಬೈದು, ಆ ಸಾಧನವನ್ನೇ ತಿದ್ದಲು ಕುಳಿತವಳು ನೀನು.

ಹಾವೇರಿಯ ಆಸ್ಪತ್ರೆಯ ಮಂಚದ ಮೇಲೂ ಲ್ಯಾಪ್‌ಟಾಪ್ ಕೇಳಿದೆಯಲ್ಲ! ನರ್ಸ್ ಗದರಿದರೆ “ಸ್ವಲ್ಪ ಉಳದೈತ್ರಿ” ಎಂದು ನೀನು ನಕ್ಕಿದ್ದೆ. ಸ್ವಲ್ಪವಲ್ಲ ಅಕ್ಕಾ, ಬಹಳ ಉಳಿದಿತ್ತು. ಅಷ್ಟರಲ್ಲಿ ನೀನು...

ನೀನು ಹೋದ ಮೇಲೆ ಆ ಕೆಲಸ ಮೊದಲ ಸಲ ತೆರೆದಾಗ ನೀನು ಬರೆದ ಕೊನೆಯ ಸಾಲಿನವರೆಗೂ ಓದಿ ಮುಚ್ಚಿಟ್ಟೆ. ಬರೆಯುವವಳು ನೀನು, ಪರೀಕ್ಷಿಸುವವಳು ನಾನು. ನನ್ನಿಂದ ಆದೀತೇ? ಆದರೂ ಬಿಡಲಿಲ್ಲ. ನಾವು ಯಾವ ಫೋಲ್ಡರಿನಲ್ಲಿದ್ದರೂ ಸಾಧನ ತಾನೇ ಮೇಲಿನ ಫೋಲ್ಡರನ್ನು ಕಂಡುಕೊಂಡು, ಅಲ್ಲಿಂದ ಫೈಲುಗಳನ್ನು ಹುಡುಕುವಂತೆ ಬರೆದೆ. ಎಲ್ಲರೂ ಬಳಸುವ ಆ ಸಾಧನವನ್ನು ನೋಡಿಕೊಳ್ಳುವ ದೂರದೇಶದವರಿಗೆ ಕಳಿಸಿದೆ. ಎರಡು ಸಲ ವಾಪಸು ಬಂತು. “ಪ್ಯಾಚಿನಲ್ಲಿ ಪಕ್ಕದ ಫೋಲ್ಡರಿನ ಫೈಲೂ ಇದ್ದರೆ?” ಎಂದು ಕೇಳಿದರು. ಅದಕ್ಕೂ ಹಚ್ಚಬೇಕು, ಆಗದಿದ್ದರೆ ಆಗದೆಂದು ಹೇಳಬೇಕು, ಸುಮ್ಮನೆ ಮಾತ್ರ ದಾಟಿ ಹೋಗಬಾರದು ಎಂದು ವಾದಿಸಿದೆ. ನಾನು! ರಾಣೆಬೆನ್ನೂರಿನ ಕಾಲೇಜಿನಲ್ಲಿ ಹಾಜರಿ ಹೇಳಲೂ ತಡವರಿಸುತ್ತಿದ್ದ ನಿನ್ನ ತಂಗಿ.

ಮೊನ್ನೆ ಒಪ್ಪಿಕೊಂಡರು ಅಕ್ಕಾ. ಹೊಸ ಆವೃತ್ತಿಯಲ್ಲಿ ಸೇರಿದೆ. ಇದನ್ನು ಶುರುಮಾಡಿದವಳು ನೀನೆಂದು ನಿನ್ನ ಹೆಸರು ಮೊದಲು ಬರೆಸಿದೆ.

ಅವ್ವ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಸೆರಗಿಗೆ ಕೈ ಒರೆಸಿಕೊಂಡು ಬಂದು, “ಎಲ್ಲೈತಿ ಗಿರಿಜಾನ ಹೆಸರು?” ಎಂದಳು. ತೋರಿಸಿದೆ.

“ಇದು ಎಲ್ಲಾ ದೇಶಕ್ಕೂ ಹೋಗತೈತೇನು?”

“ಇದನ್ನ ಬಳಸೋರ ಕಡೆಗೆಲ್ಲ ಹೋಗತೈತಿ ಅವ್ವಾ.”

ಅವ್ವ ಹೆಸರಿನ ಮೇಲೆ ಬೆರಳಾಡಿಸಿದಳು. ಆಮೇಲೆ, “ಮನೆತನದ ಅಡ್ಡಹೆಸರೂ ಹಾಕಬೇಕಿತ್ತವಾ. ಯಾವ ಗಿರಿಜಾ ಅಂತ ಮಂದಿಗೆ ತಿಳೀಬೇಕಲ್ಲ!” ಎಂದಳು.

ಹೌದಲ್ಲ ಅಕ್ಕಾ? ಅದನ್ನೂ ಹಾಕಿಸುತ್ತೇನೆ. ಮತ್ತೊಂದು ಸುದ್ದಿ: ಅದೇ ಸಾಧನದಲ್ಲಿ ಇನ್ನೊಂದು ತಪ್ಪು ಸಿಕ್ಕಿದೆ. ಇದನ್ನು ಹುಡುಕಿದವಳು ನಾನೇ.

ನಿನ್ನ,
ಶೈಲಾ