ಗುಜ್ಜೆಯ ಪಾಲು

ಸಂಪಾಜೆ,
ಫೆಬ್ರವರಿ ೧೯೫೮

ಸೌಭಾಗ್ಯವತಿ ಸೇವಂತಿಗೆ,

ಇಲ್ಲಿ ಅವ್ವ ಕ್ಷೇಮ, ಅಂಗಡಿ ಕ್ಷೇಮ, ಹಟ್ಟಿಯಲ್ಲಿ ಕರು ಚೆನ್ನಾಗಿ ಹಾಲು ಕುಡಿಯುತ್ತಿದೆ. ನನ್ನ ಕ್ಷೇಮದ ವಿಷಯ ಬರೆಯುವುದಿಲ್ಲ. ಕಡಬದ ಗಾಳಿ ನಿನಗೆ ಒಗ್ಗಿತೋ, ಪುತ್ತೂರಿನ ಡಾಕ್ಟರು ಕೊಟ್ಟ ಮದ್ದಿಗೆ ದಮ್ಮು ಕಡಿಮೆಯಾಯಿತೋ ಎಂದು ಮೊದಲು ಕೇಳಬೇಕಿತ್ತು. ಆದರೆ ಕೇಳುವ ಮುಂಚೆ ಹೇಳಬೇಕಾದದ್ದು ಒಂದಿದೆ. ಅದನ್ನು ಹೇಳದೆ ನಿನ್ನ ಉಸಿರಿನ ವಿಚಾರ ಕೇಳಿದರೆ ನಾಟಕವಾದೀತು.

ಗುಜ್ಜೆಯನ್ನು ಚಿರತೆ ಹಿಡಿಯಲಿಲ್ಲ. ಲಾರಿಯ ಪೋಕರ್ ನಿನಗೆ ಹೇಳಿದ್ದು ಸುಳ್ಳು. ಆ ಸುಳ್ಳು ಅವನದ್ದಲ್ಲ, ನನ್ನದು. ಲಾರಿಯಲ್ಲಿ ಅಕ್ಕಿಮುಡಿ ತಂದು ಇಳಿಸುವ ಹಾಗೆ ನಾನು ಹೇಳಿದ ಮಾತನ್ನು ಅವನು ತಂದು ನಿನ್ನ ತವರಿನ ಅಂಗಳದಲ್ಲಿ ಇಳಿಸಿ ಹೋದ, ಅಷ್ಟೇ. ಅವನ ಮೇಲೆ ಸಿಟ್ಟು ಮಾಡಬೇಡ. ಗುಜ್ಜೆಯನ್ನು ಕೊಂದದ್ದು ನಾನು.

ಇಷ್ಟು ಬರೆದು ಎದ್ದು ಹೋಗಿ ಒಲೆಗೆ ಸೌದೆ ಒಟ್ಟಿ ಬಂದೆ. ಅಂಗಡಿಯಲ್ಲಿ ಯಾರೂ ಇಲ್ಲ, ಚಹಾ ಬೇಕಾದವರೂ ಇಲ್ಲ, ಆದರೂ ಒಟ್ಟಿದೆ. ಮನೆಯಲ್ಲಿ ನಾವು ಆಡುವುದು ಅರೆಭಾಷೆ. ಶಾಲೆಯಲ್ಲಿ ಕಲಿತ ಈ ಕನ್ನಡದಲ್ಲಿ ನಿನ್ನ ಹತ್ತಿರ ಮಾತಾಡಿ ನನಗೆ ಅಭ್ಯಾಸವಿಲ್ಲ. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಮನೆಯ ಮಾತಿನಲ್ಲಾದರೆ ನಾನು ನಡುವೆ ಎಲ್ಲಾದರೂ ಒಂದು ತಮಾಷೆ ಸೇರಿಸಿ ತಪ್ಪಿಸಿಕೊಳ್ಳುತ್ತಿದ್ದೆ. ನಿನಗೆ ನನ್ನ ಬುದ್ಧಿ ಗೊತ್ತಲ್ಲ.

ಘಟ್ಟದ ಮೇಲಿನ ಕಾಫಿ ತೋಟದಲ್ಲಿ ನಾನು ಲೆಕ್ಕ ಬರೆಯುವ ರೈಟರ್ ಕೆಲಸ ಬಿಟ್ಟು ಬಂದ ವರ್ಷವೇ ಅಲ್ಲವೇ ಗುಜ್ಜೆ ನಮ್ಮ ಮನೆಗೆ ಬಂದದ್ದು. ದೊರೆ ತೋಟ ಮಾರಿ ಹಡಗು ಹತ್ತಲು ಹೊರಟಿದ್ದ. ಪಿಂಗಾಣಿ ಪಾತ್ರೆಗಳನ್ನು ಯಾರ್‍ಯಾರಿಗೋ ಹಂಚಿದ, ಬುಲ್‌ಡಾಗನ್ನು ನನಗೆ ಕೊಟ್ಟ. ಕೊಡುವಾಗ ತನ್ನ ಹರಕು ಕನ್ನಡದಲ್ಲಿ ಹೇಳಿದ್ದ: "ರೈಟರ್, ಬಿಸಿಲಲ್ಲಿ ಓಡಿಸುದು ಬೇಡ. ಮೂಗು ಚಪ್ಪಟೆ, ಗಾಳಿ ಸಾಲುದಿಲ್ಲ. ಬಿಸಿ ಆದ್ರೆ ನೆರಳು, ನೀರು, ಒದ್ದೆ ಗೋಣಿ." ನಾನು ತಲೆ ಅಲ್ಲಾಡಿಸಿದೆ. ಆಮೇಲೆ ಆ ಮಾತನ್ನು ಅಂಗಡಿಯಲ್ಲಿ ಕುಳಿತವರಿಗೆಲ್ಲ ದೊರೆಯ ಧಾಟಿಯಲ್ಲೇ ಹೇಳಿ ನಗಿಸಿದೆ. ದೊರೆಗಳಿಗೆ ಪಂಖ ಬೇಕು, ಅವರ ನಾಯಿಗೆ ಒದ್ದೆ ಗೋಣಿ ಬೇಕು ಎಂದೆ. ಕೆಲವರು ಅದನ್ನು ಕೇಳಲಿಕ್ಕೆಂದೇ ಇನ್ನೊಂದು ಚಹಾ ಕುಡಿದದ್ದೂ ಉಂಟು.

ಅವ್ವ ಮೊದಲ ದಿನ ಬಾಗಿಲಿನ ಹಿಂದೆ ನಿಂತು, "ಇದೆಂತ ನಾಯಿಯಾ ಹಂದಿಯಾ?" ಎಂದು ಕೇಳಿದ್ದರು. ನೀನು ಮಾತ್ರ ಹತ್ತಿರ ಹೋಗಿ ಅದರ ಸುಕ್ಕು ಮುಖ ಹಿಡಿದು, ಎಳೆ ಹಲಸಿನ ಹಾಗಿದೆ ಎಂದು ನಕ್ಕು ಗುಜ್ಜೆ ಎಂದು ಕರೆದೆ. ದೊರೆ ಇಟ್ಟ ಹೆಸರು ನನಗೂ ಮರೆತುಹೋಯಿತು. ಊರಿನ ಮೇಲೆಲ್ಲ ಸಿಟ್ಟಾದಂಥ ಮುಖ, ಕೋಳಿಮರಿ ಎದುರು ಬಂದರೆ ದಾರಿ ಬಿಡುವ ಸ್ವಭಾವ. ಮಧ್ಯಾಹ್ನ ನೀನು ಬಚ್ಚಲಿನ ತಂಪಿನಲ್ಲಿ ಕುಳಿತು ಅದರ ಹೊಟ್ಟೆಗೆ ನೀರು ಚಿಮುಕಿಸುತ್ತಿದ್ದೆ. ಒಮ್ಮೆ ನಾನು ಅದನ್ನು ರಸ್ತೆಯ ತುದಿವರೆಗೆ ಓಡಿಸಿ ತಂದಾಗ ನೀನು ಅಂದ ಮಾತು ನೆನಪಿದೆ. "ಅದನ್ನು ಓಡಿಸ್ಬೇಡಿ. ಅದಕ್ಕೂ ನನ್ನ ಹಾಗೇ, ಗಾಳಿ ಒಳಗೆ ಹೋಗುದೇ ಕಷ್ಟ." ಅಂದು ನಾನು ಏನು ಹೇಳಿದೆನೋ ಗೊತ್ತಿಲ್ಲ. ಏನೋ ತಮಾಷೆಯೇ ಹೇಳಿರಬೇಕು.

ಈ ಸಲದ ಕೆಡ್ಡಸಕ್ಕೆ ನೀನು ಇರಲಿಲ್ಲ. ಭೂಮಿತಾಯಿ ಮುಟ್ಟಾದ ದಿನಗಳೆಂದು ನೆಲಕ್ಕೆ ಹಾರೆ ತಾಗಿಸುವ ಹಾಗಿಲ್ಲ, ಸೌದೆ ಕಡಿಯುವ ಹಾಗಿಲ್ಲ, ಗಂಡಸರಿಗೆ ಬೇರೆಂತ ಕೆಲಸ? ಎಲ್ಲ ಬೇಟೆಗೆ. ಮೇದಪ್ಪಣ್ಣ ಹಿಂದಿನ ದಿನವೇ ಅಂಗಡಿಗೆ ಬಂದು ಬೆಂಚಿನಲ್ಲಿ ಕುಳಿತರು. ಪ್ರತಿ ವರ್ಷ ಬೇಟೆಯ ಯಜಮಾನಿಕೆ ಅವರದ್ದೇ ಅಲ್ಲವೇ. "ಮನೆಗೊಂದು ಆಳು, ಒಂದು ನಾಯಿ. ನಿನ್ನದು ಉಂಟಲ್ಲ ಮಾರಾಯ, ದೊರೆಯ ನಾಯಿ. ಅದು ಹಾಲು ಕುಡಿಲಿಕ್ಕೆ ಮಾತ್ರವಾ?" ಎಂದರು. ಬೆಂಚಿನ ತುಂಬ ಜನ. ಎಲ್ಲರೂ ನಕ್ಕರು. ದಿನವೂ ಬೇರೆಯವರನ್ನು ನೋಡಿ ನಗಿಸುವವನಿಗೆ ತನ್ನನ್ನು ನೋಡಿ ನಕ್ಕರೆ ತಡೆಯುವುದಿಲ್ಲ ಸೇವಂತಿ. "ನಾಳೆ ನಾಯಿಯ ಪಾಲು ಯಾರ ಮನೆಗೆ ಹೋಗ್ತದೆ ನೋಡುವ," ಎಂದುಬಿಟ್ಟೆ. ಹಂದಿಯನ್ನು ಮೊದಲು ತಡೆದ ನಾಯಿಗೆ ಮಾಂಸದಲ್ಲಿ ಒಂದು ಪಾಲು ತೆಗೆದಿಡುವುದು ಉಂಟಲ್ಲ. ಆ ಪಾಲು ನಮ್ಮ ಮನೆಗೆ ಬಂದದ್ದು ಅಪ್ಪನ ಕಾಲದಲ್ಲಿ ಒಮ್ಮೆ ಮಾತ್ರ. ಅದಕ್ಕೆ ಆಸೆಪಟ್ಟೆ.

ಬೆಳಗ್ಗೆ ಹೊರಡುವಾಗ ಚಳಿಯೇ ಇತ್ತು. ಗುಜ್ಜೆ ಖುಷಿಯಲ್ಲಿ ಅಷ್ಟು ದೊಡ್ಡ ದೇಹವನ್ನು ಬಳುಕಿಸುತ್ತಾ ನನ್ನ ಮುಂದೆ ಹೋಯಿತು. ಉಳಿದ ನಾಯಿಗಳೆಲ್ಲ ನಮ್ಮ ಊರಿನವು, ಎಲುಬು ಕಾಣುವಂಥವು, ಉದ್ದ ಮೂತಿಯವು. ಅವು ಗಾಳಿಯ ಹಾಗೆ ಹೋದವು. ಹಿಂದೆ ಉಳಿದ ಗುಜ್ಜೆಯನ್ನು ನಾನು ಕರೆದೆ. ಕರೆದಾಗಲೆಲ್ಲ ಓಡಿತು. ಬಿಸಿಲೇರಿದ ಮೇಲೆ ಅದರ ಗಂಟಲಿನಿಂದ ಒಂದು ಶಬ್ದ ಹೊರಟಿತು, ಗರಗಸದಿಂದ ಮರ ಕೊಯ್ದ ಹಾಗೆ. ಕಾಡೆಲ್ಲ ಕೇಳುತ್ತಿತ್ತು. ಮೇದಪ್ಪಣ್ಣ ನಿಂತು ಹೇಳಿದರು: "ಎಂತ ಗರ್ಜನೆ ಮಾರಾಯ ನಿನ್ನ ನಾಯಿದು! ಹಂದಿಯ ವಾಸನೆ ಸಿಕ್ಕಿದೆ ಅದಕ್ಕೆ."

ಅದು ಗರ್ಜನೆಯಲ್ಲವೆಂದು ನನಗೆ ಗೊತ್ತಿತ್ತು. ಬಚ್ಚಲಲ್ಲಿ ನಿನ್ನ ಮಡಿಲಲ್ಲಿ ತಲೆಯಿಟ್ಟು ಅದು ಹಾಗೆ ಉಸಿರೆಳೆಯುವುದನ್ನು ಎಷ್ಟು ಸಲ ಕೇಳಿಲ್ಲ ನಾನು? ಆದರೆ ಹೊಗಳಿಕೆ ಕಿವಿಗೆ ಬಿದ್ದಿತ್ತು. ಎದೆ ಉಬ್ಬಿತು. "ಅದು ಹಾಗೇ," ಎಂದೆ.

ಆಮೇಲೆ ಅದು ಮಲಗಿತು. ಎಳೆದೆ, ಎದ್ದಿತು. ಮತ್ತೆ ಮಲಗಿತು. ಬಾಯಿಯಿಂದ ಬಿಳಿ ನೊರೆ, ನಾಲಗೆ ನೇರಳೆಹಣ್ಣು ತಿಂದ ಹಾಗೆ ಆಗಿತ್ತು. ಕೆಳಗೆ ತೋಡಿನಲ್ಲಿ ನೀರು ಹರಿಯುವುದು ಕೇಳಿಸುತ್ತಿತ್ತು. ನೀರಿಗೆ ಕರೆದೊಯ್ಯಲೇ ಎಂದು ಕೇಳಿದರೆ ಯಾರೋ ಬೇಡ ಎಂದರು. ಹಂದಿ ಇನ್ನೂ ಅಡಗಿದಲ್ಲಿಂದ ಎದ್ದಿಲ್ಲ, ಈಗ ನೀರು ಕುಡಿದ ನಾಯಿಗೆ ಮೂಗು ಸಾಯುತ್ತದೆ, ಬೇಟೆ ಕೆಡುತ್ತದೆ ಎಂಬುದು ನಮ್ಮವರ ಲೆಕ್ಕ. ಹೌದು ಎಂದು ನಾನೂ ಒಪ್ಪಿದೆ. ಕೇಳಬೇಕಾದದ್ದೇ ಇರಲಿಲ್ಲ. ಎತ್ತಿಕೊಂಡು ಇಳಿದಿದ್ದರೆ ಯಾರು ಹಿಡಿಯುತ್ತಿದ್ದರು ನನ್ನನ್ನು? ಅಷ್ಟರಲ್ಲಿ ಮೇಲಿನಿಂದ ಕೂಗು ಕೇಳಿತು, ಹಂದಿ ಎದ್ದಿತ್ತು. ಎಲ್ಲರೂ ಓಡಿದರು. ನಾನೂ ಓಡಿದೆ, ಓಡುತ್ತಾ "ಗುಜ್ಜೆ, ಬಾ" ಎಂದು ಕರೆದೆ.

ಅದು ಬಂತು ಸೇವಂತಿ. ನಾಲ್ಕು ಹೆಜ್ಜೆ ಓಡಿಯೇ ಬಂತು, ಆಮೇಲೆ ಹೊಟ್ಟೆ ಎಳೆದುಕೊಂಡು ಬಂತು. ನಾನು ಹಿಂದೆ ತಿರುಗಿ ನೋಡುವಾಗ ಕಾಲು ಚಾಚಿ ಬಿದ್ದಿತ್ತು, ಮುಖ ನನ್ನ ಕಡೆ ಇತ್ತು. ಆಗ ಎತ್ತಿಕೊಂಡು ತೋಡಿಗೆ ಇಳಿದೆ. ಮೈ ಮುಟ್ಟಿದರೆ ಒಲೆಯ ಮೇಲಿನ ಕಾವಲಿಯಷ್ಟು ಬಿಸಿ. ನೀರಿನಲ್ಲಿ ಮುಳುಗಿಸಿದೆ, ಬಾಯಿ ಬಿಡಿಸಿ ನೀರು ಹಾಕಿದೆ. ಅದು ನುಂಗಲಿಲ್ಲ.

ಇದು ಇಷ್ಟಕ್ಕೇ ಮುಗಿದಿದ್ದರೆ ನಾನು ಹೇಗಾದರೂ ನಿನ್ನ ಮುಖ ನೋಡಿಯೇನು. ಸಂಜೆ ಮೇದಪ್ಪಣ್ಣನ ಅಂಗಳದಲ್ಲಿ ಹಂದಿ ಪಾಲು ಮಾಡಿದರು. ಹಂದಿಯನ್ನು ತಡೆದದ್ದು ಯಾರದ್ದೋ ಕಪ್ಪು ಹೆಣ್ಣುನಾಯಿ. ಆದರೂ ಮೇದಪ್ಪಣ್ಣ ಬಾಳೆಲೆಯಲ್ಲಿ ಮಾಂಸ ಕಟ್ಟಿ ನನ್ನ ಕೈಯಲ್ಲಿಟ್ಟರು. "ನಿನ್ನ ನಾಯಿ ಬೇಟೆಯಲ್ಲಿ ಪ್ರಾಣ ಬಿಟ್ಟದ್ದು. ಅದರ ಪಾಲು ನಿನಗೆ ಸಲ್ಲಬೇಕು," ಎಂದರು. ಎಲ್ಲರೂ ಹೌದು ಹೌದು ಎಂದರು. ನನಗೆ ಬೇಡ, ಇದು ಬೇಟೆಯಲ್ಲಿ ಸತ್ತದ್ದಲ್ಲ, ನನ್ನ ಜಂಬದಲ್ಲಿ ಸತ್ತದ್ದು ಎಂದು ಹೇಳಬೇಕಿತ್ತು. ತೆಗೆದುಕೊಂಡೆ. ಅವ್ವ ಸಾರು ಮಾಡಿದರು, ಅವರು ಮುಟ್ಟಲಿಲ್ಲ. ನಾನು ಉಂಡೆ. ಎರಡನೇ ಸಲ ಹಾಕಿಸಿಕೊಂಡು ಉಂಡೆ. ಮರುದಿನ ಅಂಗಡಿಗೆ ಬಂದವರಿಗೆ, ಎಳೆ ಹಂದಿ, ಮಾಂಸ ಚೆನ್ನಾಗಿ ಬೆಂದಿತ್ತು ಎಂದೂ ಹೇಳಿದೆ.

ಹೂಳುವಂತೆಯೂ ಇರಲಿಲ್ಲ. ಕೆಡ್ಡಸ ಮುಗಿಯದೆ ನೆಲ ಅಗೆಯಬಾರದಲ್ಲ. ಅವ್ವನ ಹತ್ತಿರ ಒಂದು ಮಾತು ಕೇಳಿದೆ. "ತಾಯಿಯ ಮೈಗೆ ಹಾರೆ ಹಾಕುದಾ ಈಗ?" ಎಂದರು. ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ಮಲಗಿಸಿ, ವಾಸನೆ ಬಾರದಿರಲೆಂದು ಗೋಣಿಯನ್ನು ಒದ್ದೆ ಮಾಡಿ ಹೊದಿಸಿದೆ. ಒಣಗಿದ ಹಾಗೆಲ್ಲ ನೀರು ಹಾಕಿದೆ. ಜೀವ ಇದ್ದಾಗ ದೊರೆ ಹೇಳಿದರೂ ನೀನು ಹೇಳಿದರೂ ಮಾಡದ್ದನ್ನು ಹೆಣಕ್ಕೆ ಶ್ರದ್ಧೆಯಿಂದ ಮಾಡಿದೆ. ಕೊನೆಯ ದಿನ ಅವ್ವ ಅಂಗಳದ ನೆಲಕ್ಕೆ ಎಣ್ಣೆ, ಸೀಗೆ, ಅರಸಿನ ಇಟ್ಟು ನೀರು ಬಿಟ್ಟು ಕೈಮುಗಿದ ಮೇಲೆ ಹಾರೆ ಹಿಡಿದೆ. ಬಚ್ಚಲಿನ ನೀರು ಹರಿದು ಹೋಗುವಲ್ಲಿ, ಬಾಳೆಬುಡದ ಹತ್ತಿರ ಹೂಳಿದ್ದೇನೆ. ಅಲ್ಲಿ ನೆಲ ಯಾವಾಗಲೂ ತಂಪು.

ಪೋಕರ್ ಬಂದದ್ದು ಕೆಡ್ಡಸದ ನಡುವಿನ ದಿನ. ಘಟ್ಟ ಇಳಿದ ಲಾರಿ ನಿಲ್ಲಿಸಿ, "ತೀರ್ಥಣ್ಣ, ಗುಜ್ಜೆ ಎಲ್ಲಿ? ಕಡಬಕ್ಕೆ ಹೋಗ್ಲಿಕ್ಕುಂಟು, ಅಕ್ಕ ಮೊದಲು ಅದನ್ನೇ ಕೇಳುದು," ಎಂದ. ಕೊಟ್ಟಿಗೆ ಅವನ ಬೆನ್ನ ಹಿಂದೆಯೇ ಇತ್ತು. "ಚಿರತೆ ಹಿಡೀತು ಮಾರಾಯ" ಎಂದೆ. ನಾಲಗೆ ತೊದಲಲೂ ಇಲ್ಲ. ಅವನು ಪಾಪ, ತಲೆಯ ಮುಂಡಾಸು ತೆಗೆದು ಕೈಯಲ್ಲಿ ಹಿಡಿದು ನಿಂತ.

ನಿನಗೆ ಅಳು ಬಂದೀತು, ಸಿಟ್ಟು ಬಂದೀತು, ಬಾಗಿಲು ಯಾಕೆ ಹಾಕಲಿಲ್ಲ ಎಂದು ಬೈದೀಯ ಎಂದುಕೊಂಡಿದ್ದೆ. ನಿನ್ನೆ ಅವನು ತಿರುಗಿ ಬಂದು ನೀನು ಹೇಳಿ ಕಳಿಸಿದ್ದನ್ನು ಹೇಳಿದ. "ಚಿರತೆ ಆದ್ರೆ ಒಂದೇ ಕ್ಷಣ ಅಲ್ವ. ಉಸಿರಿಗೆ ಒದ್ದಾಡಿ ಸಾಯ್ಲಿಲ್ಲ, ಅಷ್ಟು ಸಾಕು. ಬೇಸರ ಮಾಡ್ಬೇಡಿ ಅಂತ ಅವರಿಗೆ ಹೇಳು."

ಪೋಕರ್ ಲಾರಿಗೆ ನೀರು ಕೇಳಿದ. ಇಂಜಿನ್ ಕುದಿಯುತ್ತಿತ್ತು. ನಾನು ಡ್ರಮ್ಮಿನಿಂದ ಕೊಡಪಾನ ತುಂಬಿ ಕೊಟ್ಟೆ. ವರ್ಷಗಟ್ಟಲೆ ಮಾಡುತ್ತಿರುವ ಕೆಲಸ ಅದು. ಘಟ್ಟ ಹತ್ತುವ ಲಾರಿ ಯಾವುದು ಬಿಸಿಯಾಗಿದೆ, ಯಾವುದನ್ನು ನಿಲ್ಲಿಸಿ ತಣಿಸದಿದ್ದರೆ ಕೆಡುತ್ತದೆ ಎಂದು ಶಬ್ದ ಕೇಳಿಯೇ ಹೇಳುವವನು ನಾನು.

ನೀನು ಸಮಾಧಾನ ಮಾಡಿಕೊಂಡಿದ್ದೆ. ಆ ಸಮಾಧಾನವನ್ನು ನಾನು ಈಗ ಕಿತ್ತುಕೊಳ್ಳುತ್ತಿದ್ದೇನೆ. ಬಿಡಬಹುದಿತ್ತು. ಆದರೆ ಶಿವರಾತ್ರಿ ಕಳೆದ ಮೇಲೆ ನೀನು ಇಲ್ಲಿಗೆ ಹೊರಟು ಬರುವವಳು, ನಂಬಿ ಬರುವವಳು. ಅದಕ್ಕೇ ಇನ್ನೂ ಒಂದನ್ನು ಬರೆಯಬೇಕು.

ಮೇದಪ್ಪಣ್ಣನ ಹೊಸ ಮನೆಯ ಒಕ್ಕಲಿನ ದಿನ ನಾವೆಲ್ಲ ಗುಡ್ಡ ಹತ್ತಿದ್ದು ನಿನಗೆ ನೆನಪಿರಬಹುದು. ನೀನು ನಿಂತು ನಿಂತು ಬರುತ್ತಿದ್ದೆ. ಒಮ್ಮೆ ಮರಕ್ಕೆ ಕೈ ಕೊಟ್ಟು ನಿಂತಾಗ ಜೊತೆಯವರು ಏನಾಯಿತು ಎಂದು ಕೇಳಿದರು. "ರೋಗ ಎಂತ ಇಲ್ಲ, ಗುಜ್ಜೆಯ ಜೊತೆ ಕೂತು ಕೂತು ಅದರ ಅಭ್ಯಾಸ ಹಿಡಿದಿದೆ ಇವಳಿಗೆ" ಎಂದು ನಾನು ಹೇಳಿದೆ. ಎಲ್ಲರೂ ನಕ್ಕರು. ನೀನೂ ನಕ್ಕೆ. ನಗಲಿಕ್ಕೆ ಬೇಕಾದಷ್ಟು ಉಸಿರು ನಿನ್ನಲ್ಲಿರಲಿಲ್ಲ, ಆದರೂ ನಕ್ಕು, ಕೈ ತೆಗೆದು, ಮತ್ತೆ ಹತ್ತಿದೆ. ಅಂದು ನಿನ್ನ ತುಟಿ ಯಾವ ಬಣ್ಣಕ್ಕೆ ತಿರುಗಿತ್ತು ಎಂಬುದನ್ನು ನಾನು ನೋಡಿರಲಿಲ್ಲ ಎಂದು ಬರೆಯಲು ಮನಸ್ಸಾಗುತ್ತದೆ. ನೋಡಿದ್ದೆ. ಕಾಡಿನಲ್ಲಿ ಗುಜ್ಜೆಯ ನಾಲಗೆ ಕಂಡಾಗ ಅದಕ್ಕೇ ನನಗೆ ಗುರುತು ಸಿಕ್ಕಿತು. ಅದು ಸಿಕ್ಕಿದ ಮೇಲೂ ಓಡಿದೆನಲ್ಲ, ಅದಕ್ಕೆ ನನಗೆ ನಾಚಿಕೆ. ಹೇಸಿಗೆ ಎಂದರೂ ಸರಿ.

ನೀನು ಅಂದು ನಕ್ಕದ್ದು ನಾಲ್ಕು ಜನರ ಎದುರು ಗಂಡನ ಮಾತು ಬೀಳಬಾರದೆಂದು. ಗುಜ್ಜೆ ಓಡಿದ್ದೂ ನಾನು ಕರೆದೆನೆಂದು. ನನ್ನ ಮಾನಕ್ಕೆ ಇಬ್ಬರ ಉಸಿರು ಖರ್ಚಾಗಿದೆ, ಇನ್ನು ಬೇಡ. ಶಿವರಾತ್ರಿ ಕಳೆದೊಡನೆ ನಿನ್ನ ಅಣ್ಣ ಬಸ್ಸು ಹತ್ತಿಸಲು ತಯಾರಾಗಬಹುದು, ಗಂಡನ ಮನೆಗೆ ಯಾಕೆ ಹೋಗಿಲ್ಲ ಎಂದು ಕಡಬದವರು ಕೇಳಬಹುದು, ಇಲ್ಲಿ ಸೊಸೆ ಎಲ್ಲಿ ಎಂದು ಅವ್ವನನ್ನು ಕೇಳಬಹುದು. ಕೇಳಲಿ. ಇಲ್ಲಿ ಕೇಳುವವರಿಗೆ ಈ ಕಾಗದದಲ್ಲಿ ಬರೆದದ್ದನ್ನೇ ಹೇಳುತ್ತೇನೆ, ಮೇದಪ್ಪಣ್ಣನಿಗೆ ಇವತ್ತೇ ಹೇಳಿದ್ದೇನೆ. ನೀನು ನನ್ನ ಮುಖ ಉಳಿಸಲಿಕ್ಕೆಂದು ಮಾತ್ರ ಬರಬೇಡ ಸೇವಂತಿ. ಬರದಿದ್ದರೆ ನಿನ್ನ ತಪ್ಪೆಂದು ಯಾರೂ ಹೇಳದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ.

ಎಲ್ಲಿದ್ದರೂ ನಿನಗೆ ಉಸಿರು ಸಲೀಸಾಗಿರಲಿ. ನಿನಗೆ ನಾನು ಕೊಡಬಲ್ಲ ಆಶೀರ್ವಾದ ಇಷ್ಟೇ.

ಇಂತಿ,
ನಿನ್ನೆದುರು ತಲೆ ಎತ್ತಲಾರದ,
ತೀರ್ಥರಾಮ