ಕಾಮಾಕ್ಷಿ ಬಾಗಿಲು ತೆಗೆಯಲಿಲ್ಲ ಯಾಕೆ

ಉಪ್ಪಾರಹಳ್ಳಿ, ತುಮಕೂರು
೧೪-೯-೨೦೦೩, ಭಾನುವಾರ

ಸಿಟ್ಟಾಗಿರುವ ಕೃತಿಕಾಳಿಗೆ ಸಾದಿಯಾಳ ಪ್ರೀತಿಯ ಸಲಾಮು.

ನಿನ್ನ ಕಾಗದ ಬಂತು. ಕುಣಿಗಲ್ಲಿನಿಂದ ಇಲ್ಲಿಗೆ ಬರುವಷ್ಟರಲ್ಲಿ ಅದರ ಬಿಸಿ ಆರಿರುತ್ತದೆ ಅಂದುಕೊಂಡಿದ್ದೆ. ಆರಿರಲಿಲ್ಲ. "ವಾರವಾರ ಬಾಯಿ ಬಿಟ್ಕೊಂಡು ಕಾಯೋ ಹಾಗೆ ಮಾಡಿ ಕೊನೇಗೆ ಆ ಕಾಮಾಕ್ಷಿ ಬಾಗಿಲೇ ತೆಗೀಲಿಲ್ಲ ಅಂದ್ರೆ ಏನರ್ಥ ಕಣೇ? ಗಂಡ ಹೊರಗೆ ನಿಂತೇ ಇದಾನೆ, ಕಥೆ ಮುಗಿದೇ ಹೋಯ್ತು! ಅಂಜನಮೂರ್ತಿ ಮೇಷ್ಟ್ರಿಗೆ ತಲೆ ಕೆಟ್ಟಿದೆಯಾ?" ಅಂತ ಬರೆದಿದ್ದೀಯ. ನಿನ್ನ ಅತ್ತೆ ರಂಗಲಕ್ಷ್ಮಮ್ಮನವರಂತೂ ವಾರಪತ್ರಿಕೆಯನ್ನು ಎಸೆದುಬಿಟ್ಟರಂತೆ. ನಮ್ಮ ಅಬ್ಬಾನ ಬಳೆ ಅಂಗಡಿಯಲ್ಲೂ ಇದೇ ಗಲಾಟೆ. ಮೊನ್ನೆ ಊರ್ಡಿಗೆರೆಯಿಂದ ಬಂದಿದ್ದ ಒಬ್ಬಾಕೆ ಬಳೆ ತೊಡಿಸಿಕೊಳ್ಳಲು ಕೈ ಚಾಚಿದವಳು, ಮಾತಿನ ಭರದಲ್ಲಿ ಕೈ ಬೀಸಿ ಅರ್ಧ ಡಜನ್ ಬಳೆ ಒಡೆದು ಹಾಕಿದಳು. ಅವಳ ಪ್ರಕಾರ ಕಾಮಾಕ್ಷಿ ಮಾಡಿದ್ದೇ ಸರಿ.

ಮೇಷ್ಟ್ರನ್ನು ಬಯ್ಯಬೇಡ. ಬಯ್ಯಲೇಬೇಕಾದರೆ ನನ್ನನ್ನು ಬಯ್ಯಿ. ಕೊನೆಯ ಕಂತುಗಳನ್ನು ಬರೆದವಳು ನಾನು.

ಈಗ ಎದ್ದು ನಿಂತಿರುತ್ತೀಯ, ಗೊತ್ತು. ಕೂತುಕೋ. ಎಲ್ಲ ಹೇಳುತ್ತೇನೆ.

ಕಾಮಾಕ್ಷಿಯ ಗಂಡ ವರ್ಷಗಟ್ಟಲೆ ಆದಮೇಲೆ ಬಂದು ಬಾಗಿಲು ತಟ್ಟುತ್ತಾನೆ ಅನ್ನುವಲ್ಲಿಗೆ ಮೇ ತಿಂಗಳಲ್ಲಿ ಧಾರಾವಾಹಿ ನಿಂತಿತಲ್ಲ, "ಲೇಖಕರ ಅನಾರೋಗ್ಯದ ನಿಮಿತ್ತ" ಅಂತ ಒಂದು ಸಾಲು ಹಾಕಿದ್ದರು. ಆಗ ನೀನೇ ಬರೆದಿದ್ದೆ, ಗುಬ್ಬಿಗೆ ಹೋಗಿ ಏನಾಗಿದೆ ನೋಡಿಕೊಂಡು ಬಾ ಅಂತ. ನೀನು ಹೇಳದಿದ್ದರೂ ಹೋಗುತ್ತಿದ್ದೆ. ನನಗೆ ಕಾಲೇಜಿನ ದಿನದಿಂದಲೂ ಒಂದು ಕುತೂಹಲ ಉಳಿದುಬಿಟ್ಟಿತ್ತು. ಅಂಥ ಮನುಷ್ಯ ಇಂಥ ಕಾದಂಬರಿ ಬರೆಯಲು ಶುರು ಮಾಡಿದ್ದಾದರೂ ಹೇಗೆ?

ನಿನಗೆ ನೆನಪಿರಬೇಕು ಅವರ ಹಳಗನ್ನಡದ ಕ್ಲಾಸು. ಬಾಗಿಲ ಪಕ್ಕದ ಬೆಂಚಿನಲ್ಲಿ ತಿಮ್ಮೇಶ್ ನಿದ್ದೆ ಹೋಗುತ್ತಿದ್ದ. ಮೇಷ್ಟ್ರು ಒಂದು ಕಂದಪದ್ಯವನ್ನು ತೆಗೆದುಕೊಂಡರೆ ಅದರ ಮಾತ್ರೆ, ಗಣ, ಸಂಧಿ, ಸಮಾಸ ಎಲ್ಲ ಬಿಡಿಸಿ ಬೋರ್ಡಿನ ಮೇಲೆ ಹರಡುತ್ತಿದ್ದರು. ಗಂಟೆ ಹೊಡೆಯುವಷ್ಟರಲ್ಲಿ ಪದ್ಯ ಒಂದು ಕಡೆ, ನಾವು ಒಂದು ಕಡೆ. ರಾಜ ಯಾಕೆ ಅತ್ತ, ರಾಣಿ ಎಲ್ಲಿ ಹೋದಳು ಅಂತ ಒಂದು ದಿನವೂ ಹೇಳಿದವರಲ್ಲ. ನಾವೂ ಕೇಳಲಿಲ್ಲ ಬಿಡು. ನಾವು ಎರಡನೇ ವರ್ಷದಲ್ಲಿದ್ದಾಗ ಅವರ ಮೊದಲನೇ ಕಾದಂಬರಿ ವಾರಪತ್ರಿಕೆಯಲ್ಲಿ ಬರತೊಡಗಿದಾಗ ಯಾರೂ ನಂಬಲಿಲ್ಲ. ಅದೇ ಹೆಸರಿನ ಬೇರೆ ಯಾರೋ ಅಂದುಕೊಂಡೆವು. ಸ್ಟಾಫ್ ರೂಮಿನಲ್ಲಿ ಒಬ್ಬರು ಎಲ್ಲರಿಗೂ ಕೇಳುವ ಹಾಗೆ, "ಏನ್ ಸಾರ್, ಈ ವಾರ ಯಾರನ್ನ ಕೊಂದ್ರಿ?" ಅಂದಿದ್ದನ್ನು ನಾನೇ ಕಿಟಕಿಯಾಚೆಯಿಂದ ಕೇಳಿಸಿಕೊಂಡಿದ್ದೆ. ಮೇಷ್ಟ್ರು, "ಇನ್ನೂ ಯೋಚನೆ ಮಾಡಿಲ್ಲ, ನಿಮ್ಮ ಹೆಸರು ಬರ್ಕೊಳ್ಳಲಾ?" ಅಂದರು. ಅವರು ತಮಾಷೆ ಮಾಡಿದ್ದನ್ನು ಕೇಳಿದ್ದು ಅದೇ ಮೊದಲು.

ಜೂನ್‌ನಲ್ಲಿ ಒಂದು ಭಾನುವಾರ ಗುಬ್ಬಿಗೆ ಹೋದೆ. ಪೇಟೆಯ ಹಿಂದಿನ ಬೀದಿಯಲ್ಲಿ ಮನೆ. ಅವರ ಹೆಂಡತಿ ರೇವಮ್ಮನವರು ಬಾಗಿಲು ತೆಗೆದರು. ನಾನು ಹಳೇ ವಿದ್ಯಾರ್ಥಿನಿ ಅಂದ ಕೂಡಲೇ ಅವರು ಕೇಳಿದ ಮೊದಲ ಮಾತು, "ನಿಂಗೆ ಹಳಗನ್ನಡ ಬತ್ತದಾ ಮಗಾ?"

ನಾನು ತಬ್ಬಿಬ್ಬಾದೆ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೀನಿ, ಅಷ್ಟಿಷ್ಟು ಬರುತ್ತೆ ಅಂದೆ.

"ಹಂಗಾರೆ ಒಳೀಕೆ ಬಾರವ್ವ. ಇವ್ರು ಏನಂತಾರೆ ನಂಗೊಂದೂ ತಿಳೀತಾ ಇಲ್ಲ."

ಮೇಷ್ಟ್ರಿಗೆ ಲಕ್ವ ಹೊಡೆದಿತ್ತು ಕೃತಿಕಾ. ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ನನ್ನನ್ನು ನೋಡಿ ಗುರುತು ಹಿಡಿದರು, ಕಣ್ಣಿನಲ್ಲೇ ಗೊತ್ತಾಯಿತು. ಬಾಯಿ ತೆರೆದರು. ಬಂದದ್ದು ನನ್ನ ಹೆಸರಲ್ಲ. ಒಂದು ಹಳೇ ಪದ್ಯ! ಒಂದಕ್ಷರ ತಪ್ಪಿಲ್ಲದೆ, ರಾಗ ಎಲ್ಲಿ ಎಳೆಯಬೇಕೋ ಅಲ್ಲಿ ಎಳೆದು, ವನಪಾಲಕ ಬಂದು ವಸಂತ ಬಂತೆಂದು ರಾಜನಿಗೆ ಬಿನ್ನವಿಸುವ ಪದ್ಯ. ನನಗೆ ನಗು ಬಂತು, ಆಮೇಲೆ ಕಣ್ಣು ತುಂಬಿತು.

ದಿನಬಳಕೆಯ ಮಾತು ಪೂರ್ತಿ ಹೋಗಿದೆಯಂತೆ. ನಮ್ಮ ಮಾತೆಲ್ಲ ಅವರಿಗೆ ತಿಳಿಯುತ್ತದೆ, ಹೌದು ಅಲ್ಲ ಅಂತ ತಲೆ ಆಡಿಸುತ್ತಾರೆ. ಮಾತಾಡಲು ಹೋದರೆ ಮಾತ್ರ ಎಂದೋ ಬಾಯಿಪಾಠ ಮಾಡಿದ್ದು ಹೊರಗೆ ಬರುತ್ತದೆ. ಡಾಕ್ಟರು ಇದು ಹೀಗಾಗುವುದುಂಟು, ಅದಕ್ಕೆ ಅರ್ಥ ಹುಡುಕಬೇಡಿ ಅಂದರಂತೆ. ರೇವಮ್ಮನವರು ಸೆರಗಿನಲ್ಲಿ ಮೂಗು ಒರೆಸಿಕೊಂಡು ಅಂದರು: "ನೀರು ಅನ್ನಾಕೆ ಬರಲ್ಲ ಕಣವ್ವ. ಒಂದು ಕೆರೆ ವರ್ಣನೆಯೇ ಬತ್ತದೆ."

ಆ ಮನುಷ್ಯನ ಬದುಕು ನೋಡು. ತಂದೆ ಗುಬ್ಬಿಯ ಒಂದು ನಾಟಕ ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದವರು. ಮಗ ನಾಟಕದ ಹತ್ತಿರ ಸುಳಿಯಬಾರದು, ಪಂಡಿತನಾಗಬೇಕು ಅಂತ ಹಟ ಹಿಡಿದು ಓದಿಸಿದರಂತೆ. ಮೇಷ್ಟ್ರು ಪಂಡಿತರೇ ಆದರು. ಮಠಮಠ ತಿರುಗಿ ಓಲೆಗರಿ ನಕಲು ಮಾಡಿಕೊಂಡು ಒಂದು ಹಳೆಯ ಕಾವ್ಯವನ್ನು ಸಂಪಾದಿಸಿದರು. ಅದಕ್ಕೆ ಅರ್ಧ ಆಯಸ್ಸು ಹೋಯಿತು. ಅಚ್ಚಾದ ಪ್ರತಿಗಳ ಕಟ್ಟು ಇವತ್ತೂ ಆ ಮನೆಯ ಅಟ್ಟದ ಮೇಲಿದೆ. ತುಮಕೂರಿನಲ್ಲಿ ನಡೆದ ಬಿಡುಗಡೆಗೆ ಬಂದವರು ಉಪ್ಪಿಟ್ಟು ತಿಂದು ಹೋದರು, ಓದಿದವರು ಯಾರು ಅಂತ ಗೊತ್ತಿಲ್ಲ.

ಹಾಗಾದರೆ ಕಾದಂಬರಿ ಎಲ್ಲಿಂದ ಬಂತು ಅಂತ ರೇವಮ್ಮನವರನ್ನು ಕೇಳಿದೆ. ಹೇಳಿದರು. ಅವರು ಹೇಳುವಾಗ ಮೇಷ್ಟ್ರು ತಲೆಯಾಡಿಸುತ್ತಾ ಕೇಳುತ್ತಿದ್ದರು.

ಯಾವುದೋ ಭಾಷಣಕ್ಕೆ ಮೇಷ್ಟ್ರು ನಿಮ್ಮ ಕುಣಿಗಲ್ಲಿಗೆ ಹೊರಟಿದ್ದರಂತೆ. ಹೆಬ್ಬೂರು ದಾಟಿದ ಮೇಲೆ ಬಸ್ಸು ಕೆಟ್ಟಿತು. ಎಲ್ಲರೂ ಇಳಿದು ಹುಣಸೆ ಮರದ ಕೆಳಗೆ ಕೂತರು. ಇವರು ತಮ್ಮದೇ ಪುಸ್ತಕ ತೆಗೆದು ಓದುತ್ತಿದ್ದಾಗ ಪಕ್ಕದಲ್ಲಿ ಕೂತಿದ್ದ ಚಿಕ್ಕಮಾರಮ್ಮ ಅನ್ನುವ ಒಬ್ಬಾಕೆ, ಸೊಪ್ಪು ಮಾರಿ ಊರಿಗೆ ಹೊರಟಿದ್ದವರು, "ಅದ್ರಾಗೆ ಏನೈತೆ ಸೋಮಿ?" ಅಂದರು. ಬೇರೇನೂ ತೋಚದೆ ಮೇಷ್ಟ್ರು ಕಾವ್ಯದ ಕಥೆಯನ್ನು ಆಡುಮಾತಿನಲ್ಲಿ ಹೇಳತೊಡಗಿದರು. ಒಬ್ಬ ರಾಣಿ ಇದ್ದಳು, ಅವಳ ಗಂಡನಿಗೆ ಅನುಮಾನ ಬಂತು, ಹೀಗೆ. ಒಬ್ಬೊಬ್ಬರಾಗಿ ಹತ್ತಿರ ಸರಿದರು. ಬೇರೆ ಬಸ್ಸು ಬಂದು ನಿಂತು ಹಾರನ್ ಹೊಡೆದರೂ ಎದ್ದವರಿಲ್ಲ. ಕೊನೆಗೆ ಕಂಡಕ್ಟರೇ, "ಸಾರ್, ನೀವು ಮುಂದೆ ಬಾನೆಟ್ ಮೇಲೆ ಕೂತ್ಕಳಿ, ಎಲ್ರಿಗೂ ಕೇಳಂಗೆ ಹೇಳಿ" ಅಂದನಂತೆ. ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ರಾಣಿ ಇನ್ನೂ ಕಾಡಿನಲ್ಲೇ ಇದ್ದಳು. ಚಿಕ್ಕಮಾರಮ್ಮ ಇವರ ಕೋಟಿನ ತೋಳು ಹಿಡಿದುಕೊಂಡು, "ಆಮ್ಯಾಕೇನಾತು? ಹೇಳ್ಬುಟ್ಟು ಹೋಗಿ!" ಅಂದರಂತೆ.

ಮೇಷ್ಟ್ರು ಭಾಷಣಕ್ಕೆ ಹೋಗಲಿಲ್ಲ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಕಥೆ ಮುಗಿಸಿ, ಅಲ್ಲಿಂದಲೇ ತಿರುಗಿ ಮನೆಗೆ ಬಂದರು. "ಬಂದವ್ರು ಕಾಫೀನೂ ಕುಡೀಲಿಲ್ಲ," ಅಂದರು ರೇವಮ್ಮ. "ಇಷ್ಟು ವರ್ಷ ಪಾಠ ಮಾಡಿದೀನಿ ರೇವಾ, ಆಮೇಲೇನಾಯ್ತು ಅಂತ ಒಬ್ರೂ ಕೇಳಿರ್ಲಿಲ್ಲ ಅಂದ್ರು. ಅವತ್ತೇ ಬರೆಯೋಕೆ ಕುಂತ್ರು."

ಅಲ್ಲಿಂದ ಮುಂದಿನದು ನಮಗೆಲ್ಲ ಗೊತ್ತು. ಅಬ್ಬಾನ ಅಂಗಡಿಯಲ್ಲಿ, ಬಸ್ಸಿನಲ್ಲಿ, ವಸಂತನರಸಾಪುರದ ಫ್ಯಾಕ್ಟರಿ ಹೆಂಗಸರ ಊಟದ ಡಬ್ಬಿಯ ಪಕ್ಕದಲ್ಲಿ ಅವರ ಕಾದಂಬರಿಗಳು. ಕನ್ನಡ ಓದಲು ಬಾರದ ನಮ್ಮ ಅಮ್ಮಿ ಅಮೀನಾ ಬೀಗೆ ನಾನು ವಾರವಾರ ಓದಿ ಹೇಳಬೇಕಿತ್ತು. ವಿದ್ವಾಂಸರ ಗೋಷ್ಠಿಗಳಿಗೆ ಮಾತ್ರ ಅವರನ್ನು ಕರೆಯುವುದು ನಿಂತಿತು. ಅದರ ಬಗ್ಗೆ ಅವರಿಗೆ ಬೇಸರವಿತ್ತಾ ಅಂತ ಕೇಳಿದ್ದಕ್ಕೆ ಮೇಷ್ಟ್ರು ಎಡಗೈಯನ್ನು ಹೀಗೂ ಇಲ್ಲ ಹಾಗೂ ಇಲ್ಲ ಅನ್ನುವಂತೆ ತಿರುಗಿಸಿದರು. ಇತ್ತು ಅಂತಲೇ ನನ್ನ ಊಹೆ.

ಈಗ ಕಾಮಾಕ್ಷಿಯ ವಿಷಯಕ್ಕೆ ಬರುತ್ತೇನೆ. ಪತ್ರಿಕೆಯವರು ಬೇರೆ ಯಾರಿಂದಲೋ ಕೊನೆಯ ಕಂತುಗಳನ್ನು ಬರೆಸಿ, ಮೇಷ್ಟ್ರ ಹೆಸರಿನಲ್ಲೇ ಹಾಕುತ್ತೇವೆ, ಒಪ್ಪಿಗೆ ಕೊಡಿ ಅಂತ ಕಳಿಸಿದ್ದರು. ರೇವಮ್ಮನವರು ಅದನ್ನು ನನ್ನ ಕೈಗಿಟ್ಟು, "ಗಟ್ಟಿಯಾಗಿ ಓದವ್ವ, ಅವ್ರು ಕೇಳಿಸ್ಕಳ್ಳಿ" ಅಂದರು. ಅದರಲ್ಲಿ ಕಾಮಾಕ್ಷಿ ಓಡಿಬಂದು ಬಾಗಿಲು ತೆಗೆಯುತ್ತಾಳೆ, ಗಂಡನ ಪಾದಕ್ಕೆ ಬೀಳುತ್ತಾಳೆ, ಅವನು ಅವಳ ಮುಡಿಗೆ ಮಲ್ಲಿಗೆ ಮುಡಿಸುತ್ತಾನೆ. ಪಾದದ ತನಕ ಓದಿದ್ದೆ ಅಷ್ಟೆ. ಮೇಷ್ಟ್ರು ಯುದ್ಧದ ಪದ್ಯ ಶುರು ಮಾಡಿದರು! ರಥ ಮುರಿಯಿತು, ಆನೆ ಉರುಳಿತು, ತಲೆಗಳು ಚೆಂಡಾಡಿದವು. ಮುಖ ಕೆಂಪಾಗಿ ಬೆವರು ಕಿತ್ತುಕೊಂಡಿತ್ತು. ಡಾಕ್ಟರು ಏನೇ ಹೇಳಲಿ, ಆ ಪದ್ಯದ ಅರ್ಥ ನನಗೂ ರೇವಮ್ಮನವರಿಗೂ ಚೆನ್ನಾಗಿ ತಿಳಿಯಿತು.

"ನಾನು ಬರೀಲಾ ಸಾರ್? ನೀವು ಹೇಳಿದ ಹಾಗೆ?" ಅಂದೆ. ಎಲ್ಲಿಂದ ಆ ಧೈರ್ಯ ಬಂತೋ! ಅವರು ಹೌದು ಅಂತ ತಲೆಯಾಡಿಸಿದರು.

ಆಮೇಲೆ ನನ್ನ ಭಾನುವಾರಗಳೆಲ್ಲ ಗುಬ್ಬಿಗೆ ಹೋದವು. ಬರೆದುಕೊಂಡು ಹೋಗಿ ಓದುತ್ತಿದ್ದೆ. ಸರಿಯಿದ್ದರೆ ಸುಮ್ಮನಿರುತ್ತಿದ್ದರು. ಸರಿಯಿಲ್ಲದಿದ್ದರೆ ಎಡಗೈ ಬೆರಳಿನಿಂದ ಮಂಚದ ಪಟ್ಟಿ ಬಡಿಯುತ್ತಿದ್ದರು. ನನ್ನ ಬರವಣಿಗೆ ನಿನಗೆ ಗೊತ್ತಲ್ಲ, ಪರೀಕ್ಷೆಯಲ್ಲೂ ಉಪಮೆ ಇಲ್ಲದೆ ವಾಕ್ಯ ಮುಗಿಸಿದವಳಲ್ಲ. "ಅವಳ ಮನಸ್ಸು ಬಿರುಗಾಳಿಗೆ ಸಿಕ್ಕ ದೀಪದಂತೆ" ಅಂತ ಓದಿದೆ. ಟಕಟಕ. ದೀಪ ಹೋಯಿತು. "ಕಣ್ಣೀರಿನ ಕಡಲು." ಟಕಟಕ. ಕಡಲೂ ಹೋಯಿತು. ಕೊನೆಗೆ ಉಳಿದದ್ದು, ಕಾಮಾಕ್ಷಿ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು ಅನ್ನುವುದು. ಅದಕ್ಕೆ ಮೇಷ್ಟ್ರು ಕಣ್ಣು ಮುಚ್ಚಿ ಮುಗುಳ್ನಕ್ಕರು. ಮೂರು ವರ್ಷ ಅವರ ಕ್ಲಾಸಿನಲ್ಲಿ ಕೂತು ಕಲಿಯದೇ ಇದ್ದದ್ದನ್ನು ಆ ಮಂಚದ ಪಕ್ಕದಲ್ಲಿ ಕಲಿತೆ.

ಆದರೆ ಬಾಗಿಲ ಹತ್ತಿರ ಬಂದು ನಿಂತುಬಿಟ್ಟೆ. ತೆಗೆಸಿದರೂ ಟಕಟಕ, ತೆಗೆಸದೆ ಗಂಡನನ್ನು ವಾಪಸು ಕಳಿಸಿದರೂ ಟಕಟಕ. ಸೋತು ಸುಣ್ಣವಾಗಿ ಅಡುಗೆಮನೆಗೆ ಹೋಗಿ, "ಇವರಿಗೆ ಏನು ಬೇಕಮ್ಮಾ?" ಅಂತ ಅತ್ತೇಬಿಟ್ಟೆ. ಆಗ ರೇವಮ್ಮನವರು ಒಲೆ ಸಣ್ಣ ಮಾಡಿ ಒಂದು ವಿಷಯ ಹೇಳಿದರು. ಅವರ ಸ್ವಂತದ್ದು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಕೇಳಿದ ಮೇಲೆ ಕಾಮಾಕ್ಷಿ ಯಾರು, ಆ ಗಂಡ ಯಾರು ಅಂತ ಮಾತ್ರ ತಿಳಿಯಿತು.

ಅವರು ಹೇಳಿದ್ದನ್ನೇ ಹಾಗೆಯೇ ಕೊನೆಯ ಕಂತು ಮಾಡಿದೆ. ಮುಂದಿನ ಭಾನುವಾರ ಓದಿದೆ. ಮೇಷ್ಟ್ರು ಪಟ್ಟಿ ಬಡಿಯಲಿಲ್ಲ. ಕೊನೆಯ ಪುಟ ಬಂದಾಗ ಎಡಗೈ ಚಾಚಿ ಅದರ ಮೇಲೆ ಅಂಗೈ ಊರಿದರು. ತೆಗೆಯಲೇ ಇಲ್ಲ. ಬಾಗಿಲಲ್ಲಿ ನಿಂತಿದ್ದ ರೇವಮ್ಮನವರನ್ನು ನೋಡುತ್ತಿದ್ದರು. ರೇವಮ್ಮನವರು, "ಸಾಕು ಬುಡು ಮಗಾ, ಅದೊಂದು ಪುಟ ಬ್ಯಾಡ" ಅಂದರು. ಆ ಪುಟ ಬಿಟ್ಟು ಮಿಕ್ಕದ್ದನ್ನು ಕಳಿಸಿದೆ. ಬಾಗಿಲು ಹಾಕಿಯೇ ಇತ್ತು, ಕಾಮಾಕ್ಷಿ ಅಕ್ಕಿ ಆರಿಸುತ್ತಲೇ ಇದ್ದಳು. ಸಂಪಾದಕರು ಫೋನಿನಲ್ಲಿ, "ಓದುಗರು ಕಲ್ಲು ಹೊಡೀತಾರೆ ಮೇಡಂ" ಅಂದರು. ನಿನ್ನ ಕಾಗದವೇ ಮೊದಲ ಕಲ್ಲು.

ಮೇಷ್ಟ್ರು ಈಗ ಕೋಲು ಹಿಡಿದು ಜಗಲಿಯ ತನಕ ಬರುತ್ತಾರೆ. ಹೋದ ವಾರ ಒಂದು ಹೊಸ ಮಾತು ಬಂದಿದೆ. ರೇವಮ್ಮನವರು ರವೆ ಗಂಜಿ ತಂದಾಗ ಸ್ಪಷ್ಟವಾಗಿ "ಬೇಡ" ಅಂದರಂತೆ. ರೇವಮ್ಮನವರು ಸಂತೋಷಕ್ಕೆ ಬೀದಿಗೆಲ್ಲ ಸಕ್ಕರೆ ಹಂಚಿದರು.

ನಿನ್ನ ಸಿಟ್ಟು ಇಳಿದಿದ್ದರೆ ಮುಂದಿನ ಭಾನುವಾರ ಬಾ. ಇಬ್ಬರೂ ಗುಬ್ಬಿಗೆ ಹೋಗೋಣ. ನಿನ್ನನ್ನು ನೋಡಿ ಯಾವ ಪದ್ಯ ಹೇಳುತ್ತಾರೋ ಅಂತ ನನಗೆ ಈಗಲೇ ಕುತೂಹಲ.

ಇಂತು, ನಿನ್ನ ಬೈಗುಳ ಕೇಳಲು ಸಿದ್ಧಳಾಗಿರುವ,
ಸಾದಿಯಾ

ಮರೆತ ಮಾತು: ಮರೆತದ್ದಲ್ಲ, ತಡೆಯಲಾಗುತ್ತಿಲ್ಲ. ಇವತ್ತು ಬೆಳಿಗ್ಗೆ ಹೋದಾಗಲೇ, ನಿನಗೆ ಹೇಳಬಹುದಾ ಅಂತ ರೇವಮ್ಮನವರನ್ನು ಕೇಳಿದ್ದೆ. "ಪೇಪರ್ನೋರಿಗೆ ಬ್ಯಾಡ, ನಿನ್ ಗೆಳತಿಗಾರೆ ಹೇಳು" ಅಂದರು. ಮದುವೆಯಾದ ಹೊಸದರಲ್ಲಿ ಮೇಷ್ಟ್ರು ಓಲೆಗರಿ ನೋಡಲು ಒಂದು ತಿಂಗಳು ಅಂತ ಹೋದವರು ವರ್ಷ ಕಳೆದರೂ ಬರಲಿಲ್ಲವಂತೆ. ಬಂದಾಗ ಮಟಮಟ ಮಧ್ಯಾಹ್ನ. ರೇವಮ್ಮ ಮುಂಬಾಗಿಲ ಚಿಲಕ ಹಾಕಿ ಅಕ್ಕಿ ಆರಿಸುತ್ತ ಕೂತರು. ಎಷ್ಟು ತಟ್ಟಿದರೂ ಏಳಲಿಲ್ಲ. ಮೇಷ್ಟ್ರು ಟ್ರಂಕಿನ ಮೇಲೆ ಕೂತೇ ಇದ್ದರು. ಕೈಬಿಟ್ಟ ಪುಟದಲ್ಲಿದ್ದದ್ದು ಇದೇ, ರೇವಮ್ಮನವರು ಅಂದದ್ದನ್ನು ಹಾಗೆಯೇ ಬರೆಯುತ್ತೇನೆ: "ಹಿತ್ಲ ಬಾಗ್ಲು ತೆಗ್ದೇ ಇತ್ತು ಕಣವ್ವ. ಎರಡು ಪಾವು ಅಕ್ಕಿ ಜಾಸ್ತೀನೇ ಆರಿಸ್ತಾ ಇದ್ದೆ. ಅಷ್ಟು ಓದಿದೋರು, ಮನೆ ಸುತ್ತಾಕ್ಕಂಡು ಬರೋಕೆ ಸಂಜೆಗಂಟ ಬೇಕಾಯ್ತು."

ನಿನ್ನ ಅತ್ತೆಗೆ ಹೇಳಬೇಡ.